ಚಾಪೆಲ್ ದಿಬ್ಬ

ಹಾವರ್‌ಥಾರ್ಪ್, ಲಿಂಕನ್‌ಶೈರ್
9 ಮಾರ್ಚ್ 1969

ಪ್ರೀತಿಯ ಮೇವಿಸ್,

ಅಪ್ಪನನ್ನು ಮಣ್ಣು ಮಾಡಿದ ದಿನ ನೀನು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದನ್ನು ನೋಡಿದೆ. ನಾನು ಎಲ್ಲರ ಕೈಕುಲುಕಿ ಹೊರಗೆ ಬರುವಷ್ಟರಲ್ಲಿ ನೀನು ಎರಡೂ ನಲವತ್ತರ ಬಸ್ಸು ಹತ್ತಿಯಾಗಿತ್ತು. ಒಂದು ಕಪ್ ಟೀ ಕುಡಿದು ಹೋಗಿದ್ದರೆ ಸತ್ತವರೇನೂ ಎದ್ದು ಬಂದು ಬೈಯುತ್ತಿರಲಿಲ್ಲ. ಹಂದಿ ಮಾಂಸ, ಕೇಕು ಎಲ್ಲ ಮಿಕ್ಕು, ವಾರವಿಡೀ ಸಿರಿಲ್ ಅದನ್ನೇ ತಿಂದ.

ಕ್ರಿಸ್‌ಮಸ್ ಮುಗಿದ ನಾಲ್ಕನೇ ದಿನ ಅಪ್ಪನಿಗೆ ಲಕ್ವ ಹೊಡೆದದ್ದು. ಆರು ವಾರ ಮಾತಿಲ್ಲದೆ ಮಲಗಿದ್ದರು. ಎಡಗೈ ಒಂದು ಆಡುತ್ತಿತ್ತು. ಅದನ್ನೆತ್ತಿ ಕಿಟಕಿ ಕಡೆ ತೋರಿಸುತ್ತಿದ್ದರು. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ನಾನು ಪರದೆ ಎಳೆಯುತ್ತಿದ್ದೆ. ಮತ್ತೆ ತೋರಿಸುತ್ತಿದ್ದರು. ತೆಗೆಯುತ್ತಿದ್ದೆ. ಹೀಗೇ ನಡೆಯಿತು.

ಸಮಾಧಿಯ ಕಲ್ಲು ಕೆತ್ತುವವನು ಬಂದು ಏನು ಬರೆಯಲಿ ಎಂದು ಕೇಳಿದ. ‘ಆಂಬ್ರೋಸ್ ಪಿಂಚ್‌ಬೆಕ್, ಹೆಸ್ಟರಳ ಪ್ರೀತಿಯ ಗಂಡ’ ಅಂತ ಹಾಕೋಣವೇ ಎಂದ. ನನಗೆ ನಗು ಬಂತು. ಮದುವೆಯಾದ ಹೊಸದರಲ್ಲಿ ಹಿತ್ತಲಿಂದಲೇ ‘ಹೆಸ್ಟರ್’ ಎಂದು ಊರಿಗೆ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ, ಆಮೇಲೆ ‘ಅಮ್ಮ’ ಎಂದೇ ಕರೆಯತೊಡಗಿದರು, ನಿಮ್ಮಿಬ್ಬರ ಜೊತೆ ಸೇರಿಕೊಂಡು. ಕಲ್ಲಿನ ಮೇಲೆ ಆ ಹೆಸರು ಕಂಡರೆ ಯಾರಿವಳು ಎಂದು ಅವರೇ ಕೇಳಿಯಾರು. ಮಣ್ಣು ಕೂತ ಮೇಲೆ ಶರತ್ಕಾಲದಲ್ಲಿ ಕಲ್ಲು ನಿಲ್ಲಿಸಿದರಾಯಿತು ಎಂದು ಕಳಿಸಿದೆ. ಅಪ್ಪನ ಸಮಾಧಿಗೆ ಹೋಗಿದ್ದೇ ಆಯಿತಲ್ಲ ಎಂದು ಅಲ್ಲೇ ಮಲಗಿರುವ ಮುದುಕಿ ಮಿಸೆಸ್ ಗ್ಯಾಡ್ಸ್‌ಬಿಗೂ ಈ ಜನವರಿಯಲ್ಲಿ ತಪ್ಪಿದ್ದ ಎಂದಿನ ಸ್ನೋಡ್ರಾಪ್ ಹೂ ಇಟ್ಟು ಬಂದೆ.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಿನ್ನ ಅಣ್ಣ ಸಿರಿಲ್ ದಿಬ್ಬದ ಹೊಲವನ್ನು ಸಮ ಮಾಡಿಸುತ್ತಾನಂತೆ. ಕೊಯ್ಲಾದ ಮೇಲೆ ಸೆಪ್ಟೆಂಬರಿನಲ್ಲಿ ಬುಲ್ಡೋಜರ್ ಬರುತ್ತದೆ. ಕಂದಕ ಮುಚ್ಚಿ, ದಿಬ್ಬಗಳನ್ನೆಲ್ಲ ಕೆತ್ತಿ ಬಾರ್ಲಿ ಬಿತ್ತುತ್ತಾನೆ. ‘ಆರ್ನೂರು ವರ್ಷದ ಹಿಂದೆ ಯಾವನೋ ಜಮೀನ್ದಾರ ಕೋಟೆಮನೆ ಕಟ್ಕೊಂಡಿದ್ದ ಅಂತ ನಾನು ಮುಳ್ಳುಗಿಡ ಸಾಕ್ಬೇಕಾ’ ಅನ್ನುತ್ತಾನೆ. ಅಪ್ಪ ಇದ್ದಷ್ಟು ದಿನ ಅಲ್ಲಿ ನೇಗಿಲು ಇಳಿಸಲು ಬಿಡಲಿಲ್ಲ. ಯುದ್ಧದ ಕಾಲದಲ್ಲಿ ನನ್ನ ಗುಲಾಬಿ ಮಡಿಯನ್ನೂ ಉತ್ತು ಆಲೂಗೆಡ್ಡೆ ಹಾಕಿದವರು ಆ ಹೊಲ ಮುಟ್ಟಲಿಲ್ಲ. ಮೇ ತಿಂಗಳಲ್ಲಿ ಪಾದ್ರಿಗಳು ಶಿಲುಬೆ ಹಿಡಿದು ಹೊಲಗಳನ್ನು ಹರಸುತ್ತ ಬರುತ್ತಾರಲ್ಲ, ಈ ಹತ್ತು ವರ್ಷದಿಂದ ಅವರನ್ನೂ ಬಾರ್ಲಿ ಬಿಟ್ಟು ಚಾಪೆಲ್ ದಿಬ್ಬ ಹತ್ತಿಸುತ್ತಿದ್ದರು. ‘ಆಂಬ್ರೋಸ್ ಮುಳ್ಳುಗಿಡಕ್ಕೆ ಆಶೀರ್ವಾದ ಮಾಡಿಸ್ತಾನೆ’ ಎಂದು ಊರೆಲ್ಲ ನಗುತ್ತಿತ್ತು.

ನಿನ್ನ ಮ್ಯೂಸಿಯಂ ಕೆಲಸಕ್ಕೆ ಅಳೆಯುವುದೋ ಅಗೆಯುವುದೋ ಇದ್ದರೆ ಅಷ್ಟರೊಳಗೆ ಬಾ. ಬೈಯುವವರು ಈಗ ಇಲ್ಲ.

ನಿನ್ನ,
ಅಮ್ಮ


ಲೀಡ್ಸ್
20 ಮಾರ್ಚ್ 1969

ಅಮ್ಮ,

ಬಸ್ಸು ಹತ್ತಿದ್ದು ತಪ್ಪು. ಹತ್ತದೇ ಇದ್ದಿದ್ದರೆ ಅದೂ ತಪ್ಪಾಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ ‘ಈ ಬಾಗಿಲಿಗೆ ಬರಬೇಡ’ ಎಂದವರು ಆ ಮಾತು ವಾಪಸು ತೆಗೆದುಕೊಳ್ಳದೇ ಹೋದರು.

ಆ ಸಂಜೆ ನಿನಗೆ ನೆಗಡಿ, ಊರ ಸಭಾಂಗಣಕ್ಕೆ ನೀನು ಬಂದಿರಲಿಲ್ಲ. ನಡೆದದ್ದನ್ನು ಅಪ್ಪ ಹೇಳಿರಲಾರರು, ಅದಕ್ಕೆ ನಾನೇ ಹೇಳುತ್ತೇನೆ. ನಾನು ದಿಬ್ಬದ ಹೊಲದ ನಕ್ಷೆ ಬರೆದು ಗೋಡೆಗೆ ತೂಗುಹಾಕಿದ್ದೆ. ಇದು ಕಂದಕ, ಇದು ಹೆಬ್ಬಾಗಿಲು, ಇದು ಮೀನುಕೊಳ, ಇಲ್ಲಿ ಗೋಡೆಯ ಮೇಲೆ ಕೋಟೆಗಿರುವಂಥ ಹಲ್ಲುಸಾಲು ಕಟ್ಟಲು ರಾಜ ಅನುಮತಿ ಕೊಟ್ಟಿದ್ದ ಎಂದೆಲ್ಲ ತೋರಿಸಿದೆ. ಕೊನೆಗೆ ಕೋಲು ಇಟ್ಟು ಹೇಳಿದೆ: ‘ಇಲ್ಲಿ ಹಳೇ ಪ್ರಾರ್ಥನೆಮನೆ ಇತ್ತು ಅಂತ ಇದನ್ನ ನಮ್ಮೂರಲ್ಲಿ ಚಾಪೆಲ್ ದಿಬ್ಬ ಅಂತಾರೆ. ಆ ಕಾಲದ ಕಾಗದದಲ್ಲಿ ಚಾಪೆಲ್ ಅನ್ನೋ ಮಾತೇ ಇಲ್ಲ. ಇದು ಜಮೀನ್ದಾರನ ಪಾರಿವಾಳದ ಮನೆ. ಅಗೆದ್ರೆ ಮೂರು ಅಡಿ ಹಿಕ್ಕೆ ಸಿಗುತ್ತೆ, ದೇವರು ಸಿಗಲ್ಲ.’ ಜನ ಬಿದ್ದು ಬಿದ್ದು ನಕ್ಕರು. ನನಗೂ ಖುಷಿಯಾಯಿತು. ಅಪ್ಪ ಎದ್ದು ಹೊರಟುಹೋದರು. ಟೋಪಿ ಕುರ್ಚಿಯ ಮೇಲೇ ಉಳಿದಿತ್ತು, ನಾನೇ ಮನೆಗೆ ತಂದೆ. ಬಾಗಿಲಲ್ಲಿ ನಿಂತಿದ್ದರು. ‘ನೀನು ಓದಿದ್ದು ಸಾಕು. ನಾಳೆ ಬೆಳಿಗ್ಗೆ ಹೊರಡು, ಮತ್ತೆ ಈ ಬಾಗಿಲಿಗೆ ಬರಬೇಡ’ ಅಂದರು.

ಪಾರಿವಾಳಕ್ಕೋಸ್ಕರ ಯಾರಾದರೂ ಮಗಳನ್ನು ಮನೆಯಿಂದ ಹೊರಗೆ ಹಾಕುತ್ತಾರೆಯೇ? ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅರ್ಥವಾಗುವ ಆಸೆಯೂ ಹೋಗಿದೆ.

ಜುಲೈಯಲ್ಲಿ ಎರಡು ವಾರ ರಜೆಯಿದೆ. ಸಿರಿಲ್ ಬಾಯಿಬಿಟ್ಟು ಕರೆದರೆ ಬರುತ್ತೇನೆ. ಬಂದರೆ ಮೊದಲು ಅಗೆಯುವುದು ಆ ದಿಬ್ಬವನ್ನೇ. ಒಂದು ಸಲ ಗೋಡೆ ಕಣ್ಣಿಗೆ ಬಿದ್ದರೆ ಮಾತು ಮುಗಿಯಿತು.

ಇನ್ನೊಂದು. ಮಿಸೆಸ್ ಗ್ಯಾಡ್ಸ್‌ಬಿಗೆ ಹೂ ಯಾಕೆ? ಬದುಕಿದ್ದಾಗ ನಿನಗೆ ಒಂದು ಕೋಳಿಮೊಟ್ಟೆ ಕೊಟ್ಟವಳಲ್ಲ ಎಂದು ನೀನೇ ನೂರು ಸಲ ಹೇಳಿದ್ದೀಯ.

ಮೇವಿಸ್


ಹಾವರ್‌ಥಾರ್ಪ್
2 ಮೇ 1969

ಮೇವಿಸ್,

ಬಾಯಿಬಿಟ್ಟು ಕರೆಯಬೇಕಂತೆ ಎಂದು ಅಮ್ಮ ಹೇಳಿದಳು. ಕರೆದಿದ್ದೇನೆ. ಬಾ.

ಜುಲೈ ಹನ್ನೆರಡರಿಂದ ಬರಬಹುದು. ಗುಂಡಿ ತೋಡಿದರೆ ಬೇಲಿ ಹಾಕು, ಒಂದು ಹಸು ಕಾಲು ಮುರಿದುಕೊಂಡರೆ ನಿನ್ನ ಮ್ಯೂಸಿಯಂ ಹಾಲು ಕೊಡುವುದಿಲ್ಲ. ಅಮ್ಮನಿಗೆ ಕೆಮ್ಮು ಬಿಟ್ಟಿಲ್ಲ, ಆ ಹೊತ್ತಿಗೆ ಮೇಬಲ್‌ಥಾರ್ಪಿಗೆ ಡೋರಾ ಚಿಕ್ಕಮ್ಮನ ಮನೆಗೆ ಕಳಿಸುತ್ತೇನೆ, ಸಮುದ್ರದ ಗಾಳಿಗೆ. ಊಟ ನೀನೇ ಮಾಡಿಕೋ. ನನಗೂ ಮಾಡು.

ಸೆಪ್ಟೆಂಬರ್ ಎಂಟಕ್ಕೆ ಬುಲ್ಡೋಜರ್. ನೀನು ಚಿನ್ನದ ಕಿರೀಟ ಕಂಡುಹಿಡಿದರೂ ಆ ತಾರೀಖು ಬದಲಾಗುವುದಿಲ್ಲ.

ಸಿರಿಲ್


ಹಾವರ್‌ಥಾರ್ಪ್
14 ಜುಲೈ 1969, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಮ್ಮ,

ಗೆದ್ದೆ. ಇವತ್ತು ಹತ್ತು ಗಂಟೆಗೆ ಗೋಡೆ ಸಿಕ್ಕಿತು, ಬಾಗಿದ ಗೋಡೆ. ಚಾಪೆಲ್ಲಿನ ಗೋಡೆ ಹೀಗೆ ಬಳೆಯ ಹಾಗೆ ಬಾಗುವುದಿಲ್ಲ. ಕಲ್ಲಿನಲ್ಲಿ ಸಾಲಾಗಿ ಗೂಡುಗಳಿವೆ, ಕೈ ತೂರಿಸಿ ನೋಡಿದೆ, ಮೊಳಕೈ ತನಕ ಹೋಗುತ್ತದೆ. ನಡುವೆ ಕಪ್ಪು ಮೆತ್ತನೆ ಮಣ್ಣು, ಅದು ಏನೆಂದು ನಿನಗೆ ಹೇಳಬೇಕಾಗಿಲ್ಲ. ಸಿರಿಲ್ ಟ್ರಾಕ್ಟರ್ ನಿಲ್ಲಿಸಿ ಬಂದು ನೋಡಿ, ‘ಹಾಗಾದ್ರೆ ಇಷ್ಟು ವರ್ಷ ಪಾರಿವಾಳಕ್ಕೇ ಪಾದ್ರಿಗಳು ಪ್ರಾರ್ಥನೆ ಮಾಡಿದ್ದು’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಹನ್ನೊಂದು ವರ್ಷದ ಮೇಲೆ ನಾವಿಬ್ಬರೂ ಸೇರಿ ನಕ್ಕಿದ್ದು ಇದೇ ಮೊದಲು.

ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ. ಏನು ಸಿಕ್ಕಿದೆ ಊಹಿಸು. ನಮ್ಮ ಅಡುಗೆಮನೆಯ ಅಲಮಾರಿನ ಕೆಳಗಿನ ಡ್ರಾಯರ್. ಸುಳ್ಳಲ್ಲ. ಎರಡು ಅಡಿ ಕೆಳಗೆ ಕರಣೆಗೆ ಲೋಹ ತಾಗಿತು. ಮಣ್ಣು ಒರೆಸಿದರೆ ಹಿತ್ತಾಳೆ ಹಿಡಿ, ಮೇಲಿನ ಎರಡು ಡ್ರಾಯರಿಗೆ ಇರುವಂಥದ್ದೇ, ಐವಿ ಬಳ್ಳಿಯ ಎಲೆಯ ಆಕಾರ. ಹುಳ ಹಿಡಿದಿತ್ತು, ಸುಟ್ಟುಹಾಕಿದೆ ಎಂದಿದ್ದರಲ್ಲ ಅಪ್ಪ? ನಿನಗೆ ನೆನಪಿದೆಯೇ, ಆ ಖಾಲಿ ಗೂಡಿನಲ್ಲಿ ನಾನು ಗೊಂಬೆ ಮಲಗಿಸಿ ಆಡುತ್ತಿದ್ದೆ, ಅಪ್ಪ ಒಂದು ದಿನ ಕೆಂಡಾಮಂಡಲವಾಗಿ ಎಳೆದು ತೆಗೆದಿದ್ದರು. ಆಮೇಲೆ ನೀನು ಅಲ್ಲಿ ಕಂದು ಕಾಗದ, ಹಗ್ಗ ತುಂಬಿಟ್ಟೆ.

ಮೇಲೆ ಒಂದು ಹಲಗೆ ಮುಚ್ಚಿ ಮೊಳೆ ಹೊಡೆದಿದ್ದಾರೆ. ಸಿರಿಲ್ ಬ್ರಾಂದಿ ಅನ್ನುತ್ತಾನೆ. ನಾನು ನಿನ್ನ ಹಳೆಯ ಪ್ರೇಮಪತ್ರ ಅನ್ನುತ್ತೇನೆ. ಮೋಡ ಕವಿದಿದೆ, ಫೋಟೊ ತೆಗೆಯಲು ಬೆಳಕು ಸಾಲದು. ನಾಳೆ ಬೆಳಿಗ್ಗೆ ತೆರೆಯುತ್ತೇನೆ. ಇದನ್ನು ಐದು ಗಂಟೆಯ ಟಪಾಲಿಗೆ ಹಾಕುತ್ತೇನೆ, ಬೆಳಿಗ್ಗೆಯ ತಿಂಡಿ ಹೊತ್ತಿಗೆ ನಿನಗೆ ಸಿಗುತ್ತದೆ. ಡೋರಾ ಚಿಕ್ಕಮ್ಮನಿಗೂ ಓದಿ ಹೇಳು, ನಗಲಿ.

ಗೆದ್ದವಳು,
ಮೇವಿಸ್


ಟೆಲಿಗ್ರಾಂ
ಮೇಬಲ್‌ಥಾರ್ಪ್, 15 ಜುಲೈ 1969, ಬೆಳಿಗ್ಗೆ 9.50

ತೆರೆಯಬೇಡ. ಇದ್ದ ಹಾಗೇ ಮಣ್ಣು ಮುಚ್ಚು. ಸಿರಿಲನಿಗೂ ತೋರಿಸಬೇಡ. ಅಮ್ಮ


ಹಾವರ್‌ಥಾರ್ಪ್
15 ಜುಲೈ 1969

ಅಮ್ಮ,

ನಿನ್ನ ತಂತಿ ಹನ್ನೊಂದಕ್ಕೆ ಬಂತು. ನಾನು ಒಂಬತ್ತಕ್ಕೇ ತೆರೆದಿದ್ದೆ.

ಮೊದಲು ಕುರಿಮರಿ ಅಂದುಕೊಂಡೆ. ಹತ್ತು ವರ್ಷದಿಂದ ಮೂಳೆ ನೋಡುತ್ತಿರುವವಳು ನಾನು, ಕುರಿಮರಿಯದ್ದು ಹಾಗಿರುವುದಿಲ್ಲ ಎಂದು ಕಣ್ಣಿಗೆ ಗೊತ್ತಾಯಿತು, ತಲೆಗೆ ಗೊತ್ತಾಗಲಿಲ್ಲ. ಕುರಿಮರಿ, ಕುರಿಮರಿ ಎಂದು ಬಾಯಲ್ಲಿ ಹೇಳುತ್ತಲೇ ಇದ್ದೆ. ಸಿರಿಲ್ ಪಕ್ಕದಲ್ಲೇ ಇದ್ದ. ಇನ್ನೂ ಬ್ರಾಂದಿಯ ಮಾತು ಆಡುತ್ತಿದ್ದ. ಆಮೇಲೆ ಬಗ್ಗಿ ನೋಡಿದ. ‘ಮೇವಿಸ್, ಅದು ನಮ್ಮಪ್ಪನ ಮದುವೆ ವೇಸ್ಟ್‌ಕೋಟು’ ಅಂದ. ಬಟ್ಟೆ ಉಳಿದಿರಲಿಲ್ಲ, ಗುಂಡಿಗಳು ಉಳಿದಿದ್ದವು, ಆರೂ ಸಾಲಾಗಿ. ಮದುವೆಯ ಫೋಟೊದಲ್ಲಿ ಇರುವವೇ. ಅಪ್ಪ ಅದನ್ನು ಸುತ್ತಿ ಗುಂಡಿ ಹಾಕಿ ಮುಚ್ಚಿದ್ದರು. ಒಳಗೆ ಮಗು.

ಏನೆಂದು ಬರೆಯಲಿ? ಯಾರ ಮಗು? ಅಪ್ಪ ಏನು ಮಾಡಿದರು? ಸಿರಿಲ್ ಬಾವಿಕಟ್ಟೆಯ ಮೇಲೆ ಕೂತಿದ್ದಾನೆ, ಹಸುಗಳು ಹಾಲು ಕರೆಸಿಕೊಳ್ಳಲು ಬಂದು ಅವನ ಸುತ್ತ ನಿಂತಿವೆ, ಏಳುತ್ತಿಲ್ಲ. ಪೊಲೀಸರಿಗೆ ಹೇಳಲೇಬೇಕು. ನಾಳೆಯವರೆಗೆ ತಡೆಯುತ್ತೇನೆ.

ನೀನು ತೆರೆಯಬೇಡ ಎಂದೆ. ಅಂದರೆ ನಿನಗೆ ಗೊತ್ತು. ಹೇಳು ಅಮ್ಮ.

ಮೇವಿಸ್


ಮೇಬಲ್‌ಥಾರ್ಪ್
16 ಜುಲೈ 1969

ಮೇವಿಸ್,

ಎದುರಿಗೆ ಕೂತು ಹೇಳಲಾರೆ, ಅದಕ್ಕೇ ಬಸ್ಸು ಹತ್ತಲಿಲ್ಲ. ಡೋರಾ ಬಟಾಣಿ ಸುಲಿಯುತ್ತಿದ್ದಾಳೆ. ‘ಹೊಟ್ಟೆ ಸರಿ ಇಲ್ವಾ ಅಕ್ಕ’ ಎಂದು ಎರಡು ಸಲ ಕೇಳಿದಳು.

ಮೊದಲು ಇದನ್ನು ತಿಳಿದುಕೋ, ನಿನ್ನ ಅಪ್ಪ ಯಾರಿಗೂ ಏನೂ ಮಾಡಿದವರಲ್ಲ. ಅದು ನನ್ನ ಮಗು. 1938ರ ಜನವರಿ. ನಿನಗೂ ಸಿರಿಲನಿಗೂ ನಾಯಿಕೆಮ್ಮು ತಗಲೀತೆಂದು ಇಲ್ಲಿಗೆ ಕಳಿಸಿದೆವು ಎಂದು ಹೇಳಿದ್ದು ಸುಳ್ಳು. ಮಗು ಅಳಲಿಲ್ಲ. ಸೂಲಗಿತ್ತಿ ಮಿಸೆಸ್ ಓಡ್ಲಿಂಗ್ ಬಟ್ಟೆ ಮುಚ್ಚಿ ಎತ್ತಿಕೊಂಡು ಹೊರಗೆ ಹೋದಳು. ಗಂಡೋ ಹೆಣ್ಣೋ ಎಂದು ಕೇಳಿದೆ. ‘ತಿಳ್ಕೊಂಡು ಏನ್ ಮಾಡ್ತೀಯ ಹುಡುಗಿ, ಎಲ್ಲ ನೋಡ್ಕೊಂಡಿದೀವಿ, ಮರೆತುಬಿಡು’ ಅಂದಳು. ಆಮೇಲೆ ನನಗೆ ಜ್ವರ ಏರಿ ಮೂರು ವಾರ ಪ್ರಜ್ಞೆಯಿರಲಿಲ್ಲ. ಎದ್ದಾಗ ಡ್ರಾಯರ್ ಇರಲಿಲ್ಲ. ಹುಳ ಹಿಡಿದಿತ್ತು ಎಂದರು. ನಂಬಿದೆ. ಡ್ರಾಯರಿನ ಬಗ್ಗೆ ಯಾರು ಅನುಮಾನ ಪಡುತ್ತಾರೆ? ಅದರಲ್ಲಿ ಏನಿರಬಹುದೆಂದು ಹೊಳೆದದ್ದು ನಿನ್ನೆ ನಿನ್ನ ಕಾಗದ ಓದಿದಾಗಲೇ.

ಆ ಕಾಲದಲ್ಲಿ ನಮ್ಮ ಕಡೆ ಹೀಗಿತ್ತು. ಸತ್ತು ಹುಟ್ಟಿದ ಮಗುವಿಗೆ ದೀಕ್ಷಾಸ್ನಾನವಿಲ್ಲ, ಹೆಸರಿಲ್ಲ, ಪ್ರಾರ್ಥನೆಯಿಲ್ಲ, ತನ್ನದೇ ಗುಂಡಿಯಿಲ್ಲ. ಆ ವಾರ ಊರಲ್ಲಿ ಯಾರನ್ನು ಹೂಳುತ್ತಾರೋ ಅವರ ಪೆಟ್ಟಿಗೆಯಲ್ಲಿ ಕಾಲ ಬಳಿ ಇಟ್ಟು ಮುಚ್ಚುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ, ಎಲ್ಲ ಹೆಂಗಸರಿಗೂ ಗೊತ್ತಿತ್ತು. ಆ ವಾರ ಸತ್ತಿದ್ದು ಮಿಸೆಸ್ ಗ್ಯಾಡ್ಸ್‌ಬಿ ಒಬ್ಬಳೇ.

ಮೂವತ್ತೊಂದು ವರ್ಷ ಆ ಮುದುಕಿಯ ಕಾಲ ಕಡೆ ಹೂ ಇಟ್ಟೆ, ಮೇವಿಸ್. ಅವಳಿಗಲ್ಲ. ಅವಳ ಸೊಸೆ ನನ್ನ ಕೈ ಹಿಡಿದು ‘ನಮ್ಮತ್ತೆ ಮೇಲೆ ನಿಮಗೆಷ್ಟು ಪ್ರೀತಿ’ ಎಂದು ಕಣ್ಣೀರು ಹಾಕುತ್ತಿದ್ದಳು. ನಿನ್ನ ಅಪ್ಪ ಚರ್ಚಿನ ಗೇಟಿನಲ್ಲಿ ನಿಂತು ಕಾಯುತ್ತಿದ್ದರು. ಅವಳಿಗೆ ಯಾಕೆ ಹೂ ಎಂದು ಒಮ್ಮೆ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ನಾನು ಹೇಳಿದ್ದರೆ ಅವರೂ ಹೇಳುತ್ತಿದ್ದರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆಗೆ ಬಂದು ಟೀ ಕುಡಿಯುತ್ತಿದ್ದೆವು, ಆ ಖಾಲಿ ಗೂಡಿನ ಎದುರಿಗೇ.

ಕಾಯಿಲೆಯಲ್ಲಿ ಕಿಟಕಿ ತೋರಿಸುತ್ತಿದ್ದರು ಎಂದು ಬರೆದಿದ್ದೆನಲ್ಲ. ಆ ಕಿಟಕಿಯಿಂದ ಕಾಣುವುದು ದಿಬ್ಬದ ಹೊಲ. ಹೇಳಲು ಒದ್ದಾಡುತ್ತಿದ್ದರು. ನಾನು ಪರದೆ ಎಳೆದೆ.

ನಿನ್ನೆಯಿಂದ ನನಗೆ ನನ್ನ ಮೇಲೆ ಸಿಟ್ಟೋ ಅವರ ಮೇಲೆ ಸಿಟ್ಟೋ ತಿಳಿಯುತ್ತಿಲ್ಲ. ಒಂದು ಮಾತು ಮಾತ್ರ ನಿನ್ನಿಂದ ಬೇಕು. ಪರರ ಕಾಲ ಬಳಿ ಇಡಲು ಮನಸ್ಸು ಬಾರದೆ, ದೇವರ ಮನೆ ಇದ್ದ ಜಾಗ ಎಂದು ತಿಳಿದು ಅಲ್ಲಿಟ್ಟರು. ಅದು ನಿಜವಾಗಿ ಚಾಪೆಲ್ಲೋ, ನೀನು ಹೇಳುವ ಪಾರಿವಾಳದ ಮನೆಯೋ? ನನ್ನ ಮನಸ್ಸಿಗೆ ಹಿತವಾಗಲೆಂದು ಬರೆಯಬೇಡ.

ಅಮ್ಮ


ಹಾವರ್‌ಥಾರ್ಪ್
21 ಜುಲೈ 1969

ಅಮ್ಮ,

ನಾಲ್ಕು ದಿನ ನಾಲ್ಕು ಕಾಗದ ಬರೆದು ಹರಿದೆ. ಎರಡರಲ್ಲಿ ಚಾಪೆಲ್ ಎಂದು ಬರೆದಿದ್ದೆ.

ಅದು ಪಾರಿವಾಳದ ಮನೆ. ಸುಳ್ಳು ಬರೆದರೆ ನೀನು ಬಂದು ಗೋಡೆ ನೋಡುತ್ತೀಯ, ಗೋಡೆ ಬಾಗಿದೆ.

ಈಗ ಹೇಳು, ನಾನು ಆ ಸಭಾಂಗಣದಲ್ಲಿ ನಿಂತು ಅಪ್ಪನಿಗೆ ಏನು ಹೇಳಿದೆ? ನಿನ್ನ ಮಗು ಹಿಕ್ಕೆಯಲ್ಲಿದೆ ಎಂದೆ. ಕೋಲು ಇಟ್ಟು ತೋರಿಸಿ ಹೇಳಿದೆ. ಊರವರನ್ನೆಲ್ಲ ನಗಿಸಿದೆ. ಅವರು ಎದ್ದು ಹೋದರು, ನಾನು ಟೋಪಿ ಹಿಡಿದುಕೊಂಡು ಹಿಂದೆ ಹೋದೆ, ಇನ್ನೂ ವಾದ ಮಾಡುತ್ತ. ಇಷ್ಟು ವರ್ಷ ಅವರನ್ನು ಮೂರ್ಖ, ಹಟಮಾರಿ ಎಂದು ಬೈದುಕೊಂಡೆ. ಕ್ಷಮೆ ಕೇಳೋಣವೆಂದರೆ ಯಾರನ್ನು ಕೇಳಲಿ?

ಕಾನ್‌ಸ್ಟೇಬಲ್ ಬಂದಿದ್ದ, ಡಾಕ್ಟರೂ ಬಂದಿದ್ದರು. ನಿನ್ನ ಕಾಗದ ತೋರಿಸಿದೆ, ಬೇರೆ ದಾರಿಯಿರಲಿಲ್ಲ. ಅವರ ತನಿಖೆ ಮುಗಿಯಿತು, ತಪ್ಪು ಯಾರದ್ದೂ ಇಲ್ಲ ಎಂದು ಬರೆದುಕೊಂಡರು. ಗಂಡೋ ಹೆಣ್ಣೋ ಎಂದು ನಾನೇ ಕೇಳಿದೆ. ಇಷ್ಟು ಸಣ್ಣ ಮೂಳೆಯಲ್ಲಿ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಹೊಸ ಪಾದ್ರಿಗಳು ಈಗಿನ ಕಾಲ ಹಾಗಿಲ್ಲ, ಅಪ್ಪನ ಪಕ್ಕದಲ್ಲೇ ಜಾಗ ಕೊಡುತ್ತೇನೆ ಎಂದಿದ್ದಾರೆ. ನೀನು ಹೇಗೆ ಹೇಳಿದರೆ ಹಾಗೆ. ಇವತ್ತು ಊರೆಲ್ಲ ಟೀವಿ ಮುಂದೆ ಕೂತು ಚಂದ್ರನ ಮೇಲೆ ನಡೆಯುವವರನ್ನು ನೋಡುತ್ತಿದೆ. ಸಿರಿಲ್ ಕೊಟ್ಟಿಗೆಯಲ್ಲಿ ಓಕ್ ಹಲಗೆ ಕತ್ತರಿಸುತ್ತಿದ್ದಾನೆ. ಪುಟ್ಟ ಪೆಟ್ಟಿಗೆ. ಅಳತೆ ಕೇಳಲು ನನ್ನ ಹತ್ತಿರ ಬಂದ, ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟು ಹೋದ.

ಮೇವಿಸ್


ಹಾವರ್‌ಥಾರ್ಪ್
10 ಆಗಸ್ಟ್ 1969

ಪ್ರೀತಿಯ ಮೇವಿಸ್,

ನಾನು ಬಂದ ಮಧ್ಯಾಹ್ನವೇ ನೀನು ರೈಲು ಹತ್ತಬೇಕಾಗಿ ಬಂತು. ಸ್ಟೇಷನ್ನಿನಲ್ಲಿ ನಾವಿಬ್ಬರೂ ಸ್ಯಾಂಡ್‌ವಿಚ್ಚಿನ ಬಗ್ಗೆ ಮಾತಾಡಿದ್ದು ನೆನೆದರೆ ನಾಚಿಕೆಯಾಗುತ್ತದೆ. ನೀನು ನನ್ನ ಕೋಟಿನ ತೋಳು ಬಿಟ್ಟಿರಲಿಲ್ಲ, ಅದು ಸಾಕಾಯಿತು.

ನಿಜ ಬರೆದದ್ದು ಒಳ್ಳೆಯದಾಯಿತು. ಮೊದಲ ಎರಡು ದಿನ ಅದನ್ನೇ ತಿರುತಿರುಗಿ ಓದಿದೆ. ಮೂರನೇ ದಿನ ಒಲೆಯ ಮುಂದೆ ಕೂತಾಗ ಹೊಳೆಯಿತು. ನೀನು ಸಭಾಂಗಣದಲ್ಲಿ ಮಾತಾಡಿದ್ದು 1958ರ ಅಕ್ಟೋಬರಿನಲ್ಲಿ. ಪಾದ್ರಿಗಳನ್ನು ಬಾರ್ಲಿ ಬಿಟ್ಟು ಆ ದಿಬ್ಬ ಹತ್ತಿಸಲು ಶುರುಮಾಡಿದ್ದು ಮರುವರ್ಷ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಯಾವತ್ತೂ ಇಲ್ಲ, ನಾನು ಸಿರಿಲನನ್ನೂ ಕೇಳಿ ಖಚಿತ ಮಾಡಿಕೊಂಡೆ. ಅವರು ನಿನ್ನ ಮಾತು ನಂಬಿದ್ದರು, ಮೇವಿಸ್. ನಂಬಿದ್ದಕ್ಕೇ ಶಿಲುಬೆ ತಂದು ನಿಲ್ಲಿಸಿದರು. ಹತ್ತು ಸಲ ಹಾಡು, ಪ್ರಾರ್ಥನೆ, ಗಂಟೆ ಎಲ್ಲ ಆ ಮಗುವಿನ ತಲೆಯ ಮೇಲೇ ನಡೆದಿದೆ. ನಾನೂ ಮುಳ್ಳು ಚುಚ್ಚಿಸಿಕೊಂಡು ಅಲ್ಲಿ ನಿಂತು ಹಾಡಿದ್ದೇನೆ, ಕಾಲು ನೋಯುತ್ತದೆ ಎಂದು ಬೈದುಕೊಳ್ಳುತ್ತ.

ಆದ್ದರಿಂದ ಎತ್ತಿ ಬೇರೆಡೆ ಇಡುವುದು ಬೇಡ ಎಂದೆ. ಹೊಸ ಪಾದ್ರಿಗಳು ಬಂದು ಸಿರಿಲ್ ಮಾಡಿದ ಪೆಟ್ಟಿಗೆಯನ್ನು ಅದೇ ಗುಂಡಿಯಲ್ಲಿಟ್ಟು ಓದಬೇಕಾದ್ದನ್ನೆಲ್ಲ ಪೂರ್ತಿ ಓದಿದರು. ಹೆಸರು ಹೇಳುವ ಕಡೆ ಬಂದಾಗ ನನ್ನ ಮುಖ ನೋಡಿದರು. ನನ್ನ ಹತ್ತಿರ ಹೆಸರಿರಲಿಲ್ಲ. ‘ಈ ಮಗು’ ಎಂದು ಮುಂದೆ ಹೋದರು.

ಬುಲ್ಡೋಜರಿನವನಿಗೆ ಸಿರಿಲ್ ಬೇಡ ಎಂದು ಹೇಳಿ ಬಂದ. ನಿನ್ನ ನಕ್ಷೆಯಲ್ಲಿ ಪಾರಿವಾಳದ ಮನೆ ಎಂದೇ ಬರೆ. ನನಗೋಸ್ಕರ ತಿದ್ದಬೇಡ.

ಮಿಸೆಸ್ ಗ್ಯಾಡ್ಸ್‌ಬಿಗೆ ಜನವರಿಯಲ್ಲಿ ಎಂದಿನಂತೆ ಇಡುತ್ತೇನೆ. ನಿಲ್ಲಿಸಿದರೆ ಸೊಸೆ ಏನಂದುಕೊಂಡಾಳು?

ಅಮ್ಮ


ಲೀಡ್ಸ್
12 ಸೆಪ್ಟೆಂಬರ್ 1969

ಅಮ್ಮ,

ಡ್ರಾಯರ್ ನನ್ನ ಹತ್ತಿರವೇ ಇದೆ, ನೀನು ಸದ್ಯಕ್ಕೆ ಕಣ್ಣಿಗೆ ಬೀಳದಿರಲಿ ಎಂದಿದ್ದೆ. ಮರ ಒಣಗಿ ಸೀಳಬಾರದೆಂದು ಇಷ್ಟು ದಿನ ಮ್ಯೂಸಿಯಂನಲ್ಲಿ ನಿಧಾನವಾಗಿ ತೊಳೆದೆವು. ನಿನ್ನೆ ಅಡಿಯ ಹಲಗೆ ಮಗುಚಿ ಹಾಕಿದೆ. ಹೊರಮೈಯಲ್ಲಿ, ಮಣ್ಣಿಗೆ ತಾಗಿದ್ದ ಕಡೆ, ಚಾಕುವಿನಿಂದ ಕೊರೆದ ಅಕ್ಷರಗಳಿವೆ. ಕುರಿಬೇಲಿಗಳ ಮೇಲೆ ಅಪ್ಪ ಗುರುತು ಕೊರೆಯುತ್ತಿದ್ದರಲ್ಲ, ಅದೇ ಕೈ.

ನಾನು ಬರೆದು ಹೇಳುವುದಕ್ಕಿಂತ ನೀನೇ ನೋಡು. ಹಲಗೆಯನ್ನು ನಾಳೆ ಪಾರ್ಸೆಲ್ ಮಾಡುತ್ತೇನೆ. ಒಂದೇ ಪ್ರಶ್ನೆ, ಆ ಅಲಮಾರು ನಿನ್ನ ಮದುವೆಗೆ ಬಂದಾಗ ಅದರ ಮೇಲೆ ಯಾರಾದರೂ ನಿನ್ನ ಹೆಸರು ಕೊರೆಸಿದ್ದರೇ? ಇಲ್ಲ ಎಂದಾದರೆ, ಅಮ್ಮ, ಕುಳಿತುಕೊಂಡು ಪಾರ್ಸೆಲ್ ಬಿಚ್ಚು.

ಮೇವಿಸ್


ಹಾವರ್‌ಥಾರ್ಪ್
5 ಅಕ್ಟೋಬರ್ 1969

ಪ್ರೀತಿಯ ಮೇವಿಸ್,

ಅಲಮಾರು ಬಂದಾಗ ಯಾವ ಹೆಸರೂ ಇರಲಿಲ್ಲ. ಡ್ರಾಯರುಗಳನ್ನು ಹೊರಗೆ ತೆಗೆದು ಅಡಿಯವರೆಗೆ ಮೇಣ ತಿಕ್ಕಿದವಳು ನಾನೇ.

ಹಲಗೆ ಬಂದು ಎರಡು ವಾರವಾಯಿತು. ಮೊದಲ ದಿನ ಮೇಜಿನ ಮೇಲಿಟ್ಟು ದಿಗಿಲು ಬಡಿದವಳ ಹಾಗೆ ನೋಡುತ್ತಲೇ ಕೂತೆ, ರೊಟ್ಟಿ ಸೀದು ಮನೆಯೆಲ್ಲ ಹೊಗೆ. ‘ಹೆಸ್ಟರ್ ಪಿಂಚ್‌ಬೆಕ್. ಜನವರಿ 1938.’ ಗಂಡುಮಗುವಿಗೆ ಯಾರೂ ಆ ಹೆಸರಿಡುವುದಿಲ್ಲ. ಹೆಣ್ಣು ಎಂದು ನನಗೆ ಗೊತ್ತಾದದ್ದು ಹೀಗೆ, ಮೂವತ್ತೊಂದು ವರ್ಷದ ಮೇಲೆ, ಅಡುಗೆಮನೆಯಲ್ಲಿ.

ಅವರು ನನ್ನ ಹೆಸರು ಹಿಡಿದು ಕರೆಯುವುದನ್ನು ಬಿಟ್ಟದ್ದು ಯಾವಾಗಿನಿಂದ ಎಂದು ಯೋಚಿಸಿದೆ. ಆ ಜ್ವರದಿಂದ ಎದ್ದ ಮೇಲೆ. ಮಂಚದ ಪಕ್ಕ ನಿಂತು ‘ಅಮ್ಮ, ಸೂಪು ಕುಡೀತೀಯಾ’ ಎಂದಿದ್ದರು. ಜ್ವರದಲ್ಲಿ ನನ್ನನ್ನು ಮುದುಕಿ ಮಾಡಿಬಿಟ್ಟರು ಎಂದು ಮುನಿಸಿಕೊಂಡಿದ್ದೆ. ಆ ಹೆಸರನ್ನು ಅವರು ಬೇರೆಯವಳಿಗೆ ಕೊಟ್ಟು ಬಂದಿದ್ದರು.

ನಿನ್ನೆ ಕಲ್ಲು ಕೆತ್ತುವವನು ಮತ್ತೆ ಬಂದ. ‘ಏನು ಬರೀಲಿ ಮಿಸೆಸ್ ಪಿಂಚ್‌ಬೆಕ್, ಹೆಸ್ಟರಳ ಗಂಡ ಅಂತಲೇ ಇರಲಾ’ ಎಂದ.

‘ಬೇಡ’ ಅಂದೆ. ‘ಸಿರಿಲ್, ಮೇವಿಸ್, ಹೆಸ್ಟರ್, ಈ ಮೂವರ ಅಪ್ಪ ಅಂತ ಬರಿ.’

ಅವನು ಪೆನ್ಸಿಲ್ ಹಿಡಿದುಕೊಂಡು ನನ್ನನ್ನೇ ನೋಡಿದ. ‘ಹೆಸ್ಟರ್ ಅಂದ್ರೆ ನೀವಲ್ವಾ?’

‘ಅಲ್ಲಪ್ಪ’ ಅಂದೆ. ‘ಅದು ನನ್ನ ಚಿಕ್ಕ ಮಗಳು.’

ನಿನ್ನ,
ಅಮ್ಮ